ಬೆಳಗಿನ ನೀರು, ಸಂಜೆಯ ನೀರು

ಏಪ್ರಿಲ್ ೨, ಬುಧವಾರ

ಹೋರಾಟಗಾರರು ದಿನಚರಿ ಬರೆಯಬೇಕು, ಆದರೆ ಅದರಲ್ಲಿ ತಮ್ಮ ಕಷ್ಟ ತೋಡಿಕೊಳ್ಳಬಾರದು ಎಂದು ಸಂಘದ ಕರಪತ್ರವೊಂದು ಹೇಳುತ್ತದೆ. ಆದ್ದರಿಂದ ನನ್ನ ಅಂಗೈಯಲ್ಲಿ ಎದ್ದಿರುವ ಬೊಬ್ಬೆಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ನಗರದ ಬಗ್ಗೆ ಬರೆಯುತ್ತೇನೆ.

ಮೇ ತಿಂಗಳಲ್ಲಿ ಆಯೋಗ ಬರಲಿದೆ. ನಮ್ಮ ನಗರವನ್ನೂ ಆಚೆ ನಗರವನ್ನೂ ಸೇರಿಸಿ ಒಂದು ಮಹಾನಗರ ಮಾಡಬಹುದೇ ಎಂದು ಜನರನ್ನು ಕೇಳಲಿದೆ. ಕೇಳುವುದೇನಿದೆ? ಬೆಟ್ಟದ ಬುಡದಲ್ಲಿ ಕಲ್ಲು ಒಡೆದು ಬೆವರಿನಿಂದ ಕಟ್ಟಿದ ನಗರ ನಮ್ಮದು. ನದಿ ದಡದಲ್ಲಿ ಕೂತು, ಬಂದ ಸರಕಿಗೆಲ್ಲ ದಲ್ಲಾಳಿತನ ಮಾಡಿ ಉಬ್ಬಿದ ನಗರ ಅದು. ನಾವು ಗಡಿಯಾರದ ಗೋಪುರ ಕಟ್ಟಿದೆವು. ಅವರು ಅದಕ್ಕಿಂತ ಎತ್ತರದ್ದು ಕಟ್ಟಿದರು. ನಾವು ವಾಚನಾಲಯ ಕಟ್ಟಿದೆವು. ಅವರು ಎರಡು ಅಂತಸ್ತಿನದು ಕಟ್ಟಿ, ಪುಸ್ತಕ ಸಾಲದೆ ಮೇಲಿನ ಅಂತಸ್ತಿಗೆ ಬೀಗ ಹಾಕಿದರು. "ಆಚೆಯವರ ಗಡಿಯಾರ ಐದು ನಿಮಿಷ ಮುಂದೆ, ಬುದ್ಧಿ ಐವತ್ತು ವರ್ಷ ಹಿಂದೆ" ಎಂದು ಇವತ್ತು ಕನ್ನಡಕ ಹೇಳಿದಾಗ ಬೆಂಚು ಮುರಿಯುವ ಹಾಗೆ ಚಪ್ಪಾಳೆ ಬಿತ್ತು.

ಕನ್ನಡಕ ಎಂದರೆ ನಮ್ಮ ಸಂಘದ ಮುಖಂಡರು. ಸಂಘ ಎಂದರೆ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟ ನನ್ನ ಕೈಗೆ ಮೊದಲ ಕರಪತ್ರ ಇಟ್ಟವರು ಅವರು. ಓದಿ ಮುಗಿಸಿ ಇನ್ನೊಂದು ಕೇಳಿದೆ. ಹೀಗೆ ಕೇಳುತ್ತ ಕೇಳುತ್ತ ಮನುಷ್ಯಳಾದೆ. ಆ ಋಣ ದೊಡ್ಡದು.

ಏಪ್ರಿಲ್ ೪, ಶುಕ್ರವಾರ

ಅಮ್ಮನ ಬಲಗೈಗೆ ಇನ್ನೂ ಒಂದು ತಿಂಗಳ ಮೇಲೆ ಪಟ್ಟಿ ಇರಬೇಕಂತೆ. ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಾಳೆ. ನಾನು ಬಟ್ಟೆ ಅಂಗಡಿಯ ಕೆಲಸಕ್ಕೆ ರಜೆ ಹಾಕಿ ಅವಳ ಕೆಲಸ ಮಾಡುತ್ತಿದ್ದೇನೆ.

ಅವಳ ಕೆಲಸ ಎರಡು ಹೋಟೆಲುಗಳ ಬೆಡ್‌ಶೀಟ್ ಒಗೆಯುವುದು. ಒಂದು ಹೋಟೆಲು ನಮ್ಮ ನಗರದ್ದು, ಇನ್ನೊಂದು ಆಚೆ ನಗರದ್ದು. ಅದಲು ಬದಲಾಗದಿರಲಿ ಎಂದು ನಮ್ಮದರ ಮೂಲೆಗೆ ಕೆಂಪು ದಾರ, ಅವರದರ ಮೂಲೆಗೆ ಹಸಿರು ದಾರ ಹೊಲಿದಿರುತ್ತದೆ. ಎರಡನ್ನೂ ಒಂದೇ ಹಂಡೆಯಲ್ಲಿ ಕುದಿಸುತ್ತೇವೆ. ಹಸಿರು ದಾರದ್ದನ್ನು ಒಗೆಯುವುದಿಲ್ಲ ಎಂದು ನಾನು ಹೇಳಿದೆ.

"ಹೌದಾ? ಹಾಗಾದ್ರೆ ಊಟಾನೂ ಅರ್ಧ ಮಾಡು" ಅಂದಳು ಅಮ್ಮ.

ಒಗೆದೆ.

ನಮ್ಮ ಹೋಟೆಲಿನ ಮೇಲ್ವಿಚಾರಕ ಬಂದಿದ್ದ. ಒಂದೊಂದು ಶೀಟನ್ನೂ ಮುಖಕ್ಕೆ ಹಿಡಿದು ಮೂಸುತ್ತಾನೆ. ಅಮ್ಮ ಅವನಿಗೆ ಇಟ್ಟ ಹೆಸರು ಮೂಗು. ಆಯೋಗದವರು ಬಂದಾಗ ಯಾವ ನಗರಕ್ಕೂ ಬೇಸರ ಆಗಬಾರದೆಂದು ಅರ್ಧ ದಿನಗಳು ಇಲ್ಲಿ, ಅರ್ಧ ದಿನಗಳು ಅಲ್ಲಿ ಉಳಿಯುತ್ತಾರಂತೆ. ಎರಡೂ ಹೋಟೆಲಿಗೂ ಎಲ್ಲ ಶೀಟುಗಳೂ ಒಂದೇ ದಿನಕ್ಕೆ ಬೇಕು. "ಒಂದು ಸಲ ತಡ ಆದ್ರೂ ಕೆಲಸ ಮಿಷನ್ ಲಾಂಡ್ರಿಗೆ ಹೋಗುತ್ತೆ. ನನ್ನ ಕೈಲಿಲ್ಲ" ಎಂದು ಮೂಗಿನಿಂದಲೇ ಮಾತಾಡಿದ ಹಾಗೆ ಹೇಳಿ ಹೋದ. ಅಮ್ಮ ಪಟ್ಟಿ ಕಟ್ಟಿದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಇಪ್ಪತ್ತು ವರ್ಷ ಬಗ್ಗಿ ಸಂಪಾದಿಸಿದ ಕೆಲಸ ಅದು. ಅದು ಹೋದರೆ ನಮಗೆ ಬೇರೆ ಏನೂ ಇಲ್ಲ.

ಏಪ್ರಿಲ್ ೭, ಸೋಮವಾರ

ಇವತ್ತು ಕಣ್ಣಾರೆ ಕಂಡದ್ದನ್ನು ಬರೆದಿಡುತ್ತೇನೆ.

ನಾವು ಈ ಗಡಿಬೀದಿಗೆ ಬಂದು ಎರಡು ವರ್ಷ. ಬೀದಿಯ ಈಚೆ ಬದಿಯ ಮನೆಗಳು ನಮ್ಮ ನಗರದವು, ಆಚೆ ಬದಿಯವು ಆ ನಗರದವು. ನಮ್ಮ ದೀಪದ ಕಂಬ ಕಬ್ಬಿಣದ್ದು, ಅವರದು ಸಿಮೆಂಟಿನದು. ನಡುವೆ ಒಂದು ಗಾಡಿ ಹೋಗುವಷ್ಟು ರಸ್ತೆ. ಬೆಳಿಗ್ಗೆ ಅಂಗಡಿಗೆ, ಸಂಜೆ ಸಂಘಕ್ಕೆ ಓಡುತ್ತಿದ್ದ ನಾನು ಈ ಬೀದಿಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ನಮ್ಮ ನಲ್ಲಿಯಲ್ಲಿ ನೀರು ಬರುವುದು ಬೆಳಿಗ್ಗೆ ಮಾತ್ರ, ಅದೂ ಸಣ್ಣಗೆ. ಇವತ್ತು ಕಲ್ಲಿನ ಮುಂದೆ ನಿಂತು ಬಡಿಯುತ್ತಿದ್ದಾಗ ನೋಡುತ್ತೇನೆ, ನಮ್ಮದೇ ನಲ್ಲಿಗೆ ಸಿಕ್ಕಿಸಿದ ಪೈಪು ಗೇಟಿನ ಕೆಳಗೆ ನುಸುಳಿ, ರಸ್ತೆ ದಾಟಿ, ಎದುರುಮನೆಯ ಕೊಡಕ್ಕೆ ಬಾಯಿ ಇಟ್ಟಿದೆ. ತಲೆ ಎತ್ತಿದರೆ ಬೀದಿಯ ಉದ್ದಕ್ಕೂ ಹಾಗೇ. ಈಚೆಯಿಂದ ಆಚೆಗೆ ಪೈಪುಗಳು. ನಮ್ಮ ಬೆಟ್ಟದ ಕೆರೆಯ ನೀರು!

ಎದುರುಮನೆಯಲ್ಲಿರುವುದು ಒಬ್ಬ ದರ್ಜಿ ಹೆಂಗಸು. ಶೀಟುಗಳಿಗೆ ದಾರದ ಗುರುತು ಹಾಕುವವಳು ಅವಳೇ. ಬೀದಿಯೆಲ್ಲ ಅವಳನ್ನು ದೊಡ್ಡಮ್ಮ ಎನ್ನುತ್ತದೆ. ನಾನು ಅನ್ನುವುದಿಲ್ಲ. ಇರುವ ನೆಂಟರೇ ಸಾಕು.

"ಏನು ಭಾಷಣ, ಇವತ್ತು ಕಲ್ಲಿನ ಮೇಲೆ ಕೋಪ ಜೋರಾಗಿದೆ?" ಎಂದು ಅವಳು ಅಲ್ಲಿಂದಲೇ ಕೂಗಿದಳು. ಭಾಷಣ ಎಂಬುದು ನನಗೆ ಅವಳಿಟ್ಟ ಹೆಸರು. ನಾನು ಇನ್ನೂ ಜೋರಾಗಿ ಬಡಿದೆ.

ಏಪ್ರಿಲ್ ೯, ಬುಧವಾರ

ಕರಪತ್ರ ಬರೆದೆ. ತಲೆಬರಹ: "ಗಡಿ ದಾಟುವ ನಾಚಿಕೆಗೆಟ್ಟ ಕೊಳವೆಗಳು". ಕನ್ನಡಕ ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು. ಅವರು ಹಾಗೆ ಮಾಡಿದರೆ ಮೆಚ್ಚಿದ್ದಾರೆ ಎಂದರ್ಥ. "ಆಯೋಗದ ಮುಂದೆ ಇದೇ ನಮ್ಮ ಸಾಕ್ಷಿ. ಈಗಲೇ ಹೀಗಾದ್ರೆ, ಒಂದಾದ ಮೇಲೆ ಕೆರೇನೇ ಕುಡೀತಾರೆ!" ಎಂದರು.

ಮನೆಗೆ ಬರುವಷ್ಟರಲ್ಲಿ ಬೀದಿದೀಪ ಹತ್ತಿತ್ತು. ಮಳೆ ಬಂದಿರಲಿಲ್ಲ, ಆದರೂ ರಸ್ತೆಯ ನಡುವೆ ಒದ್ದೆ. ಆಚೆಯವರ ನಲ್ಲಿ ಸಂಜೆ ಬರುತ್ತದೆ, ಚೆಲ್ಲಾಡಿರಬೇಕು. ಅಪವ್ಯಯ ಎಂಬುದನ್ನೂ ಸೇರಿಸಬೇಕಿತ್ತು.

ಅಮ್ಮ ಮೆಟ್ಟಿಲ ಮೇಲೆ ಕೂತು ಕಾಲು ಒರೆಸಿಕೊಳ್ಳುತ್ತಿದ್ದಳು. ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿದಳು.

"ಏನಾದ್ರೂ ಬರಿ ಕಣೇ. ನೀರಿನ ತಂಟೆಗೆ ಮಾತ್ರ ಹೋಗಬೇಡ."

"ಯಾಕಮ್ಮ?"

"ಯಾಕೆ ಅಂದ್ರೆ ಅಮ್ಮ ಹೇಳ್ತಿದ್ದಾಳೆ ಅಂತ."

ಇದು ವಾದವೇ? ಭಯ ಎಂಬುದು ಬಡವರ ಮನೆಯ ಮೊದಲ ಗೋಡೆ ಎಂದು ಎಲ್ಲೋ ಓದಿದ್ದು ನೆನಪಾಯಿತು.

ಹಿತ್ತಲಿಗೆ ಹೋದರೆ ತೊಟ್ಟಿ ಬಾಯಿ ತನಕ ತುಂಬಿತ್ತು. ನಾಳೆ ಜಾಲಿಸುವುದಕ್ಕೆ ಚಿಂತೆಯಿಲ್ಲ. ಒಂದೇ ಕೈಯಲ್ಲಿ ಅಮ್ಮ ಇದನ್ನು ಯಾವಾಗ ತುಂಬಿಸುತ್ತಾಳೋ! ಅವಳ ಛಲಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.

ಏಪ್ರಿಲ್ ೧೫, ಮಂಗಳವಾರ

ಕರಪತ್ರ ನಮ್ಮ ನಗರದ ಚೌಕದಲ್ಲೆಲ್ಲ ಹಂಚಿ ಮುಗಿಯಿತು. ನಗರಸಭೆಯ ಸದಸ್ಯರೊಬ್ಬರು ಸಭೆಯಲ್ಲಿ ಎದ್ದು ನಿಂತು ನನ್ನ ಸಾಲುಗಳನ್ನೇ ಓದಿದರಂತೆ. ನನ್ನ ಸಾಲುಗಳನ್ನು! ಬೊಬ್ಬೆ ಒಡೆದ ಕೈಯಿಂದ ಬರೆದ ಸಾಲುಗಳು. ಇವತ್ತು ಶೀಟುಗಳು ಹಗುರವಾಗಿದ್ದವು.

ಏಪ್ರಿಲ್ ೨೧, ಸೋಮವಾರ

ಗೆದ್ದೆವು. ಬೆಳಿಗ್ಗೆ ನಗರಸಭೆಯವರು ಬಂದು ಬೀದಿಯ ಪೈಪುಗಳನ್ನೆಲ್ಲ ಕತ್ತರಿಸಿ ಗಾಡಿಯಲ್ಲಿ ತುಂಬಿಕೊಂಡು ಹೋದರು. ಕಬ್ಬಿಣದ ಕಂಬಗಳಿಗೆ ಆದೇಶ ಅಂಟಿಸಿದ್ದಾರೆ: ಈ ನಗರದ ನೀರನ್ನು ಪೈಪು, ಕೊಡ, ಬಕೆಟ್ಟು ಇತ್ಯಾದಿಗಳಲ್ಲಿ ಗಡಿಯಾಚೆ ಸಾಗಿಸುವುದು ಅಪರಾಧ. ಸಂಜೆಯೊಳಗೆ ಆಚೆ ನಗರದವರೂ ಸುಮ್ಮನಿರದೆ ಸಿಮೆಂಟಿನ ಕಂಬಗಳಿಗೆ ಅದೇ ಆದೇಶ ಅಂಟಿಸಿದರು. ಅಕ್ಷರ ಮಾತ್ರ ನಮ್ಮದಕ್ಕಿಂತ ದೊಡ್ಡದು. ಅವರ ಆದೇಶದಿಂದ ನಮಗೇನು ನಷ್ಟ?

ಸಂಘದಲ್ಲಿ ಎಲ್ಲರಿಗೂ ಚಹಾ.

ಏಪ್ರಿಲ್ ೨೨, ಮಂಗಳವಾರ

ತೊಟ್ಟಿಯಲ್ಲಿ ನೀರಿಲ್ಲ.

ಏಪ್ರಿಲ್ ೨೩, ಬುಧವಾರ

ನಿನ್ನೆ ಒಂದು ಸಾಲಿನ ಮೇಲೆ ಬರೆಯಲಾಗಲಿಲ್ಲ. ಇವತ್ತು ಬರೆಯಲೇಬೇಕು.

ನಿನ್ನೆ ಬೆಳಿಗ್ಗೆ ಹಂಡೆಗೆ ಹೇಗೋ ನಲ್ಲಿ ನೀರು ಸಾಕಾಯಿತು. ಶೀಟುಗಳನ್ನು ಕುದಿಸಿದೆ. ಜಾಲಿಸಲು ತೊಟ್ಟಿಯ ಹತ್ತಿರ ಹೋದರೆ ತಳದಲ್ಲಿ ಪಾಚಿ ಕಾಣುತ್ತಿತ್ತು. ಅಮ್ಮನನ್ನು ಕರೆದೆ.

"ತೊಟ್ಟಿ ಯಾಕಮ್ಮ ತುಂಬಿಸಿಲ್ಲ?"

"ಯಾವ ನೀರಲ್ಲಿ?"

"ದಿನಾ ಯಾವ ನೀರಲ್ಲಿ ತುಂಬಿಸ್ತಿದ್ದೆ?"

ಅಮ್ಮ ಎದುರುಮನೆಯ ಕಡೆ ಗಲ್ಲ ಎತ್ತಿ ತೋರಿಸಿದಳು.

ಆಮೇಲೆ ನಿಧಾನವಾಗಿ ಹೇಳಿದಳು. ಆಚೆಯವರ ನೀರು ನದಿಯದು. ಸಂಜೆ ಬರುತ್ತದೆ, ರಭಸವಾಗಿ ಬರುತ್ತದೆ, ಆದರೆ ಕುಡಿಯಲು ಸಪ್ಪೆ, ಮಣ್ಣಿನ ವಾಸನೆ. ಸೋಪು ಮಾತ್ರ ಅದರಲ್ಲಿ ಚೆನ್ನಾಗಿ ನೊರೆ ಬರುತ್ತದೆ, ಚೆನ್ನಾಗಿ ಬಿಟ್ಟೂ ಹೋಗುತ್ತದೆ. ನಮ್ಮ ಕೆರೆಯ ನೀರು ಕುಡಿಯಲು ಸಿಹಿ, ಆದರೆ ಸಣ್ಣಗೆ ಬರುತ್ತದೆ. ಅದಕ್ಕೇ ಬೆಳಿಗ್ಗೆ ಅವರು ನಮ್ಮಿಂದ ಕುಡಿಯುವ ನೀರು ಹಿಡಿಯುತ್ತಿದ್ದರು, ಸಂಜೆ ನಾವು ಅವರಿಂದ ಒಗೆಯುವ ನೀರು ಹಿಡಿಯುತ್ತಿದ್ದೆವು. ಅದೇ ಪೈಪು. ಬೆಳಿಗ್ಗೆ ತಲೆ ಅತ್ತ, ಸಂಜೆ ತಲೆ ಇತ್ತ. ಅಮ್ಮನ ಕೈ ಮುರಿದ ಮೇಲೆ ತೊಟ್ಟಿ ತುಂಬಿಸಿ ಹೋಗುತ್ತಿದ್ದದ್ದು ಆ ದರ್ಜಿ ಹೆಂಗಸು. ನಾನು ಸಂಘದಲ್ಲಿ ಚಪ್ಪಾಳೆ ತಟ್ಟುತ್ತಿದ್ದ ಹೊತ್ತಿನಲ್ಲಿ.

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೂಗಿದೆ.

"ಹೇಳಿದ್ರೆ ನೀನು ಆ ನೀರು ಮುಟ್ತಿದ್ಯಾ? ಶೀಟು ಯಾರು ಜಾಲಿಸಬೇಕಿತ್ತು, ನಿನ್ನ ಕನ್ನಡಕ ಬರ್ತಿದ್ರಾ?"

ನಿಜ, ನಾನು ಮುಟ್ಟುತ್ತಿರಲಿಲ್ಲ.

ಕೂತ ಕೊಂಬೆಯನ್ನು ಕಡಿಯುವವರ ಕಥೆ ಕೇಳಿ ನಕ್ಕಿದ್ದೆ. ನಾನು ಕೊಂಬೆ ಕಡಿಯುವುದಕ್ಕೆ ನಗರಸಭೆಯ ಗಾಡಿಯನ್ನೇ ಕರೆಸಿದ್ದೆ. ಮೇ ಎಂಟಕ್ಕೆ ಎಲ್ಲ ಶೀಟುಗಳೂ ಬೇಕು. ಕುದಿಸಿದ ಶೀಟುಗಳು ಸೋಪು ಹೀರಿಕೊಂಡು ಹಂಡೆಯಲ್ಲೇ ತಣ್ಣಗಾದವು. ಅಮ್ಮ ಎಡಗೈಯಲ್ಲಿ ಒಂದನ್ನು ಎತ್ತಿ ಮೂಸಿ, ಮತ್ತೆ ಒಳಗೆ ಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ ೨೫, ಶುಕ್ರವಾರ

ಎರಡು ದಿನ ನಲ್ಲಿ ನೀರನ್ನೇ ಉಳಿಸಿ ಉಳಿಸಿ ಜಾಲಿಸಲು ನೋಡಿದೆ. ಶೀಟು ಒಣಗಿದ ಮೇಲೆ ಹಪ್ಪಳದ ಹಾಗೆ ಸೆಟೆದು ನಿಂತಿತು. ಮೂಗೇ ಬೇಕಿಲ್ಲ, ಕುರುಡನಿಗೂ ಗೊತ್ತಾಗುತ್ತದೆ.

ಸಂಜೆ ರಸ್ತೆ ದಾಟಿ ಎದುರುಮನೆಗೆ ಹೋದೆ. ಎರಡು ವರ್ಷದಲ್ಲಿ ಮೊದಲ ಸಲ. ಅವಳು ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಅವಳ ತೊಟ್ಟಿ ತುಂಬಿ ಹರಿಯುತ್ತಿತ್ತು. ಪಕ್ಕದಲ್ಲಿ ಕುಡಿಯುವ ನೀರಿನ ಕೊಡ ಬೋರಲು ಬಿದ್ದಿತ್ತು. ಬಾಯಿ ತೆರೆಯಲು ಹೋದೆ.

"ಗೊತ್ತು, ನೀನೇ ಬರೆದದ್ದು" ಅಂದಳು, ದಾರ ಹಲ್ಲಿನಲ್ಲಿ ಕಡಿಯುತ್ತ. "'ನಾಚಿಕೆಗೆಟ್ಟ ಕೊಳವೆ' ಅಂತ. ಬಿಡುವಾಗಿದ್ದಾಗ ನಮ್ಮ ಪೈಪಿಗೆ ಓದಿ ಹೇಳಿದೆ. ಪಾಪ, ತಲೆ ತಗ್ಗಿಸ್ತು."

"ನಿಮಗೆ ನನ್ನ ಮೇಲೆ ಕೋಪ ಇಲ್ವಾ?"

"ಇತ್ತು. ಬೆಳಿಗ್ಗೆ ಆ ನದಿ ನೀರಲ್ಲಿ ಚಹಾ ಕುಡಿದೆ ನೋಡು, ಆಗ ತುಂಬಾ ಇತ್ತು. ಈ ಬೀದೀಲಿ ಕೊಳವೆ ಅಂದ್ರೇನು ಅಂತ ಅರ್ಧ ಜನಕ್ಕೆ ಗೊತ್ತಾಗಿಲ್ಲ. ಪೈಪು ಅಂತ ಬರೆದಿದ್ರೆ ನಿನ್ನ ಗತಿ ಬೇರೆ ಇತ್ತು, ಭಾಷಣ."

ನಗು ಬಂತು. ಅದರ ಹಿಂದೆಯೇ ಅಳು. ಅವಳು ಎದ್ದು, ಒಂದು ಚೂರು ಬಟ್ಟೆ ಕೊಟ್ಟು, "ಮೂಗು ಒರೆಸ್ಕೋ. ಒರೆಸಿ ವಾಪಸ್ ಕೊಡಬೇಡ" ಅಂದಳು.

ಆಗ ಹೊಳೆಯಿತು. ಆದೇಶವನ್ನು ನಾನು ಎಷ್ಟೋ ಸಲ ಓದಿದ್ದೇನೆ, ಬಾಯಿಪಾಠವಾಗಿದೆ. ನೀರನ್ನು ಗಡಿಯಾಚೆ ಸಾಗಿಸಬಾರದು. ನೀರನ್ನು. ಬಟ್ಟೆಯ ಬಗ್ಗೆ ಒಂದು ಮಾತೂ ಇಲ್ಲ.

"ನೀರು ದಾಟಬಾರದು. ಶೀಟು ದಾಟಬಹುದಲ್ವಾ?" ಅಂದೆ.

ಅವಳು ಮತ್ತೆ ಕೂರಲು ಹೋದವಳು ನಿಂತು ನನ್ನನ್ನೇ ನೋಡಿದಳು. "ಅಷ್ಟೆಲ್ಲ ಓದಿದ್ದು ದಂಡ ಆಗಲಿಲ್ಲ" ಅಂದಳು.

ಏಪ್ರಿಲ್ ೨೮, ಸೋಮವಾರ

ಸಂಘಕ್ಕೆ ಹೋಗಲಾಗಲಿಲ್ಲ. ಬೆಳಿಗ್ಗೆ ಮನೆಯ ಹಂಡೆಯಲ್ಲಿ ಕುದಿಸುವುದು, ಸಂಜೆ ಗಂಟು ಕಟ್ಟಿ ಹೊತ್ತು ರಸ್ತೆ ದಾಟುವುದು, ದೊಡ್ಡಮ್ಮನ ಹಿತ್ತಲಲ್ಲಿ ಜಾಲಿಸುವುದು. ಅವಳ ಅಕ್ಕಪಕ್ಕದ ಹೆಂಗಸರೂ ಬಂದು ಹಿಂಡಲು ನಿಂತರು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಯಾರದೋ ಕೈಯಲ್ಲಿ. ಅವಳು ಬಲಕ್ಕೆ ತಿರುಗಿಸಿದರೆ ನಾನು ಎಡಕ್ಕೆ ತಿರುಗಿಸಬೇಕು. ಇಬ್ಬರೂ ಒಂದೇ ಕಡೆ ತಿರುಗಿಸಿದರೆ ಶೀಟು ಸುಮ್ಮನೆ ಸುತ್ತುತ್ತದೆ, ನೀರು ಇಳಿಯುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ಶೀಟನ್ನು ಕಂಬಕ್ಕೆ ಕಟ್ಟಿ ಒಬ್ಬಳೇ ಹಿಂಡುತ್ತಿದ್ದೆ.

ಕರಪತ್ರ ಬರೆದವಳು ಇವಳೇ ಎಂದು ದೊಡ್ಡಮ್ಮ ಎಲ್ಲರಿಗೂ ಪರಿಚಯ ಮಾಡಿಕೊಟ್ಟಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ದಪ್ಪಗಿನ ಹೆಂಗಸೊಬ್ಬಳು, "ಓ ನೀನೇನಾ? ಯಾರೋ ದೊಡ್ಡ ಮೀಸೆ ಇರೋರು ಅಂದ್ಕೊಂಡಿದ್ದೆ" ಅಂದಳು. ಶಿಕ್ಷೆ ಅಷ್ಟೇ.

ಅವರಿಗೆ ನಾನು ಏನೂ ಕೊಟ್ಟಿಲ್ಲ. ಕಿತ್ತುಕೊಂಡಿದ್ದೇನೆ. ಆದರೂ ಹಿಂಡಿದರು.

ಮೇ ೧, ಗುರುವಾರ

ಬೀದಿಗೆ ಉಪಾಯ ಹಬ್ಬಿದೆ. ಬೆಳಿಗ್ಗೆ ಆಚೆಯವರು ಖಾಲಿ ಹೊಟ್ಟೆಯಲ್ಲಿ ಈಚೆಗೆ ಬಂದು, ನಮ್ಮ ಅಂಗಳದಲ್ಲಿ ಚಹಾ ಕಾಸಿ, ಕುಡಿದು, ಅಡುಗೆ ಮಾಡಿಕೊಂಡು ಹೋಗುತ್ತಾರೆ. ಸಂಜೆ ಈಚೆಯವರು ಬಟ್ಟೆ, ಪಾತ್ರೆ, ಮಕ್ಕಳು, ಎಲ್ಲ ಎತ್ತಿಕೊಂಡು ಆಚೆಗೆ ಹೋಗಿ ತೊಳೆದುಕೊಂಡು ಬರುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಇವತ್ತು ಮೂರು ಮನೆಯ ಒಲೆ. ಅಮ್ಮ ಪಟ್ಟಿ ಕಟ್ಟಿದ ಕೈಯನ್ನು ದಂಡದ ಹಾಗೆ ಆಡಿಸುತ್ತ ಎಲ್ಲರಿಗೂ ಜಾಗ ಹಂಚುತ್ತಿದ್ದಳು. ಅವಳು ಇಷ್ಟು ಮಾತಾಡಿದ್ದನ್ನು ಅಪ್ಪ ಹೋದ ಮೇಲೆ ನಾನು ನೋಡಿರಲಿಲ್ಲ.

ಸಂಜೆ ನಮ್ಮ ನಗರಸಭೆಯ ಇನ್ಸ್‌ಪೆಕ್ಟರ್ ರಸ್ತೆಯ ನಡುವೆ ಬಂದು ನಿಂತ. ಕೊಳೆ ಪಾತ್ರೆ ಅತ್ತ ಹೋಗುವುದನ್ನೂ ತೊಳೆದ ಪಾತ್ರೆ ಇತ್ತ ಬರುವುದನ್ನೂ ಬಹಳ ಹೊತ್ತು ನೋಡಿದ. ಅಮ್ಮನೇ ಒಂದು ಪಾತ್ರೆ ಎತ್ತಿ ಅವನ ಮುಖದ ಮುಂದೆ ಹಿಡಿದಳು.

"ಸ್ವಾಮಿ, ಇದರಲ್ಲಿ ಆಚೆ ನಗರದ್ದು ಎರಡು ಹನಿ ಇದೆ. ಒರೆಸ್ಕೊಂಡು ಬರ್ಬೇಕಾ, ಹಾಗೇ ಬರಬಹುದಾ?"

"ನಾವು ಚಾಪೆ ಕೆಳಗೆ ತೂರಿದ್ರೆ ನೀವು ರಂಗೋಲಿ ಕೆಳಗೆ ತೂರ್ತೀರಿ" ಎಂದು ಗೊಣಗಿದ. ದೊಡ್ಡಮ್ಮ ಅವನಿಗೆ ಕುಡಿಯಲು ನೀರು ಕೊಟ್ಟಳು. ನದಿಯದು. ಮುಖ ಕಿವುಚಿದ. "ಸಿಹಿ ನೀರು ಬೇಕು ಅಂದ್ರೆ ಗಡಿ ದಾಟಿ ಆ ಮನೆಗೆ ಹೋಗಬೇಕಪ್ಪ" ಅಂದಳು.

ಮೇ ೪, ಭಾನುವಾರ

ಶೀಟು ಒಣಗುವ ತನಕ ದೊಡ್ಡಮ್ಮನ ಜಗುಲಿಯಲ್ಲಿ ಕೂತಿದ್ದೆ. ಅವಳು ಮದುವೆಯಾಗಿ ಬಂದಾಗ ಈ ಬೀದಿ ಇರಲಿಲ್ಲವಂತೆ. ನಡುವೆ ಹುಲ್ಲುಗಾವಲು, ಒಂದು ಇಟ್ಟಿಗೆ ಗೂಡು. ನಮ್ಮ ನಗರದ ಕೊನೆಯ ದೀಪ ಅಷ್ಟು ದೂರದಲ್ಲಿ ಕಾಣುತ್ತಿತ್ತು. ನಾವು ಒಂದು ಕಂಬ ಮುಂದೆ ನೆಟ್ಟರೆ ಅವರು ಎರಡು ನೆಡುತ್ತಿದ್ದರು. ನಾವು ಬಸ್ಸನ್ನು ಗೂಡಿನ ತನಕ ಬಿಟ್ಟರೆ ಅವರು ಗೂಡು ದಾಟಿ ಬಿಟ್ಟರು. ಹಾಗೇ ಹುಲ್ಲು ಮುಗಿಯಿತು.

"ಒಬ್ಬರನ್ನೊಬ್ಬರು ಸೋಲಿಸೋಕೆ ಅಂತಾನೇ ಬೆಳೆದ್ವು" ಅಂದೆ.

"ಹೂಂ. ಜಗಳ ಆಡೋಕಾದ್ರೂ ಹತ್ತಿರ ಬರಬೇಕಲ್ಲ. ನಾನು, ನಿಮ್ಮಮ್ಮನೂ ಹಾಗೇ. ಮೊದಲನೇ ದಿನ ಬಟ್ಟೆ ಒಣಗಿಸೋ ತಂತಿ ಕಟ್ಟೋ ಮೊಳೆಗೆ ಜಗಳ ಆಡಿದ್ವಿ."

ಈ ವಿಷಯ ಯಾವ ಕರಪತ್ರದಲ್ಲೂ ಇಲ್ಲ. ಎರಡೂ ನಗರದವರು ಬರೆಯಬೇಕಾದ ವಿಷಯ, ಒಬ್ಬರೂ ಬರೆದಿಲ್ಲ.

ಮೇ ೮, ಗುರುವಾರ

ಮೂಗು ಬಂದ. ಮೂಸಿದ. ಇನ್ನೊಂದು ಮೂಸಿದ. ಅಮ್ಮ ಮುಖ ಗೋಡೆಗೆ ತಿರುಗಿಸಿ ನಿಂತಿದ್ದಳು.

"ಸೋಪು ಬದಲಾಯಿಸಿದ್ದೀರಾ? ಮೊದಲಿಗಿಂತ ಚೆನ್ನಾಗಿದೆ" ಅಂದ.

ಎರಡೂ ಹೋಟೆಲಿನ ಎಲ್ಲ ಗಂಟೂ ಹೋಯಿತು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಅಮ್ಮ ರಸ್ತೆಯ ನಡುವೆ ನಿಂತು, ಅತ್ತ ನೋಡಿ, ಒಂದೇ ಕೈ ಎತ್ತಿ ಮುಗಿದಳು. ಆಚೆ ಬಾಗಿಲಲ್ಲಿ ನಿಂತವರೆಲ್ಲ ನಕ್ಕು, ಅವರೂ ಒಂದೊಂದೇ ಕೈ ಎತ್ತಿ ಮುಗಿದರು.

ಮೇ ೧೦, ಶನಿವಾರ

ಆಯೋಗದ ವಿಚಾರಣೆ. ಸಂಘದ ಪರವಾಗಿ ನಾನು ಮಾತಾಡಬೇಕೆಂದು ತಿಂಗಳ ಹಿಂದೆಯೇ ಗೊತ್ತಾಗಿತ್ತು. ಬರೆದ ಭಾಷಣ ಕೈಯಲ್ಲಿತ್ತು. ಎದ್ದು ನಿಂತೆ. ಅಧ್ಯಕ್ಷರು, "ತಾವು ಯಾವ ನಗರದವರು?" ಎಂದು ಕೇಳಿದರು. ಬರಿಯ ಔಪಚಾರಿಕ ಪ್ರಶ್ನೆ, ಎಲ್ಲರನ್ನೂ ಕೇಳುತ್ತಿದ್ದರು.

"ಗಡಿಬೀದಿಯವಳು" ಅಂದೆ.

ಜನ ನಕ್ಕರು. ಭಾಷಣವನ್ನು ಮಡಚಿ ಇಟ್ಟು, ಬೀದಿಯಲ್ಲಿ ನಡೆದದ್ದನ್ನು ಹೇಳಿದೆ. ಪೈಪುಗಳನ್ನು ಕತ್ತರಿಸಿದ್ದು ನನ್ನ ಬರಹ ಎಂದೂ ಹೇಳಿದೆ. ನಗರಗಳು ಒಂದಾಗಲಿ ಬಿಡಲಿ, ಅದನ್ನು ದೊಡ್ಡವರು ತೀರ್ಮಾನಿಸಲಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗಬಾರದು, ನಮ್ಮ ಬೀದಿಗೆ ಎರಡು ಹೊತ್ತೂ ನೀರು ಬೇಕು ಎಂದೆ. ಧ್ವನಿ ನಡುಗಿತು. ಕರಪತ್ರ ಓದುವಾಗ ಎಂದೂ ನಡುಗಿರಲಿಲ್ಲ.

ಹೊರಗೆ ಕನ್ನಡಕ ನಿಂತಿದ್ದರು.

"ಮೆತ್ತಗಾಗ್ಬಿಟ್ಟೆ ನೀನು."

"ಇಲ್ಲ ಸಾರ್. ಇನ್ನೂ ಗಟ್ಟಿಯಾಗಿದ್ದೀನಿ ಅನ್ಸುತ್ತೆ."

ಅವರು ಬೆನ್ನು ತಿರುಗಿಸಿ ಹೋದರು. ಅದು ನೋಯಿಸಿತು. ಬೈದು ಹೋಗಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮೇ ೧೩, ಮಂಗಳವಾರ

ಆಯೋಗ ಹೋಯಿತು. ತೀರ್ಮಾನ ಮುಂದಕ್ಕೆ. ಆದೇಶಗಳು ಕಂಬದ ಮೇಲೆ ಹಾಗೇ ಇವೆ. ಅಮ್ಮನ ಪಟ್ಟಿ ಬಿಚ್ಚಿದರು, ಆದರೆ ಮಣಿಕಟ್ಟಿಗೆ ಬಲ ಬರಲು ತಿಂಗಳುಗಳೇ ಬೇಕು. ಹೀಗೇ ಗಂಟು ಹೊತ್ತು ದಾಟುತ್ತ ಇರಲಾಗುವುದಿಲ್ಲ. ಮಳೆಗಾಲದಲ್ಲಿ ಏನು ಮಾಡುವುದು?

"ನಿನ್ನ ನಗರ, ನನ್ನ ನಗರ ಎರಡೂ ಜಾಣರ ಮಾತು ಕೇಳಲ್ಲ. ಸವಾಲು ಹಾಕಿದ್ರೆ ಮಾತ್ರ ಏಳ್ತವೆ" ಅಂದಳು ದೊಡ್ಡಮ್ಮ, ಸೂಜಿಗೆ ದಾರ ಪೋಣಿಸುತ್ತ. ಬೇರೆ ಯಾವುದೋ ಮಾತಿಗೆ ಅಂದದ್ದು. ನನ್ನ ಕೈಯಲ್ಲಿದ್ದ ಶೀಟು ಕೆಳಗೆ ಬಿತ್ತು.

ಮೇ ೧೪, ಬುಧವಾರ

ಒಂದು ವಾಕ್ಯದ ಕರಪತ್ರ ಬರೆದೆ. ಸುಳ್ಳಿಲ್ಲ, ಬೈಗುಳವಿಲ್ಲ, ಕೊಳವೆಯಿಲ್ಲ. "ಗಡಿಬೀದಿಗೆ ಮೊದಲು ಬೀದಿ ನಲ್ಲಿ ಹಾಕಿಸುವ ದೊಡ್ಡ ನಗರ ಯಾವುದು?" ಅಷ್ಟೇ.

ಅಚ್ಚು ಹಾಕಿಸಲು ಬೇರೆ ಯಾರೂ ಗೊತ್ತಿಲ್ಲ. ಹೆದರುತ್ತ ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿದೆ. ಕನ್ನಡಕ ಓದಿದರು. ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಓದಿದರು.

"ನಮ್ಮ ನಗರಾನೇ ಗೆಲ್ಲೋದು. ನೋಡ್ತಿರು" ಎಂದು ಅಂಗಿ ತೋಳು ಮೇಲೇರಿಸಿದರು. ಅಂಟು ಕಾಸಲು ತಾವೇ ಒಲೆ ಹಚ್ಚಿದರು. ಒಂದು ಮಾತನ್ನು ಒಂದೇ ಸಾಲಿನಲ್ಲಿ ಹೇಳುವುದನ್ನು ನನಗೆ ಕಲಿಸಿದವರು ಅವರೇ. ಅದನ್ನು ಅವರಿಗೆ ಹೇಳಿದೆ. "ಸರಿ, ಸರಿ, ಕಂಬ ಒಣಗಿರುವಾಗಲೇ ಅಂಟಿಸು" ಅಂದರು.

ಕಬ್ಬಿಣದ ಕಂಬಗಳಿಗೂ ಸಿಮೆಂಟಿನ ಕಂಬಗಳಿಗೂ ಅದೇ ಹಾಳೆ ಅಂಟಿಸಿದೆವು. ಆಮೇಲೆ ಎರಡೂ ನಗರಸಭೆಯ ಬಾಗಿಲಿಗೆ.

ಮೇ ೨೬, ಸೋಮವಾರ

ಬರೆಯಲು ಪುರುಸೊತ್ತಿಲ್ಲ, ನೋಡುವುದಕ್ಕೇ ಇಷ್ಟಿದೆ. ಮೊದಲು ನಮ್ಮವರು ಬಂದು ಕಬ್ಬಿಣದ ಕಂಬದ ಪಕ್ಕ ಅಗೆದರು. ಮಾರನೆಯ ದಿನ ಆಚೆಯವರು ಇನ್ನೂ ಆಳಕ್ಕೆ ಅಗೆದರು. ನಮ್ಮವರು ನಲ್ಲಿಯ ಕೆಳಗೆ ಕಲ್ಲಿನ ಕಟ್ಟೆ ಕಟ್ಟಿದರೆ ಅವರು ಎರಡು ನಲ್ಲಿ ಇಟ್ಟು ಒಗೆಯುವ ಕಲ್ಲನ್ನೂ ಹಾಕಿದರು. ನಮ್ಮವರು ದೀಪ ಹಾಕಿದ್ದಕ್ಕೆ 'ಬೆಳಿಗ್ಗೆ ಬರೋ ನೀರಿಗೆ ದೀಪ ಯಾಕಪ್ಪ?' ಎಂದು ಅಮ್ಮ ಕೇಳಿದಳು. ಅವರು ನೆರಳಿಗೆ ತಗಡು ಹೊದಿಸಿದರು. ಎರಡು ಕಡೆಯೂ ನಲ್ಲಿಗಿಂತ ದೊಡ್ಡದಾಗಿ ಹೆಸರಿನ ಹಲಗೆ.

ಗೆದ್ದವರು ಯಾರು ಎಂದು ಕೇಳಿದರೆ ಕನ್ನಡಕ ನಮ್ಮವರು ಎನ್ನುತ್ತಾರೆ, ದಪ್ಪಗಿನ ಹೆಂಗಸು ತಮ್ಮವರು ಎನ್ನುತ್ತಾಳೆ. ಇಬ್ಬರೂ ಕಟ್ಟೆಯ ಮೇಲೆ ಕೂತು ವಾದ ಮಾಡುತ್ತಿದ್ದಾರೆ. ಯಾವ ನಲ್ಲಿಯಲ್ಲಿ ಯಾರು ಹಿಡಿದರೂ ಕೇಳುವವರಿಲ್ಲ; ಮೊದಲು ತಡೆದ ನಗರ ಸೋತಂತೆ. ಹಳೆಯ ಆದೇಶಗಳು ಬಿಸಿಲಿಗೆ ಬಿಳಿಚಿ, ಅಂಚು ಎದ್ದು, ಒಂದೊಂದಾಗಿ ಬೀಳುತ್ತಿವೆ.

ಜೂನ್ ೩, ಮಂಗಳವಾರ

ಅಮ್ಮ ಇವತ್ತು ಬಲಗೈಯಲ್ಲಿ ದಿಂಬಿನ ಕವರ್ ಹಿಂಡಿದಳು. ನೀರು ತೊಟ್ಟಿಕ್ಕಿತು. ಬೀದಿಯೆಲ್ಲ ಕರೆದು ತೋರಿಸಿದಳು.

ದೊಡ್ಡಮ್ಮ ಹೊಸ ಪೈಪು ತಂದಿದ್ದಾಳೆ. ರಸ್ತೆಗೆ ಅಡ್ಡ ಬಿಟ್ಟು, "ಇದಕ್ಕೆ ನಾಚಿಕೆ ಇದೆಯೋ ಇಲ್ವೋ ನೋಡಿ ಹೇಳು, ಭಾಷಣ" ಅಂದಳು. ಇದೆ ಅಂದೆ. ಸ್ವಲ್ಪ ಇದೆ.

ಅವಳ ಜಗುಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಾಳೆಯ ಗಂಟು ಬಂದಿದೆ, ಕೆಂಪು ದಾರದ್ದೂ ಹಸಿರು ದಾರದ್ದೂ ಒಟ್ಟಿಗೆ. ಬೇರೆ ಮಾಡಿಟ್ಟುಕೊಳ್ಳಬೇಕಿತ್ತು, ಮರೆತೆ. ಕೊನೆಗೆ ಮಡಚುವಾಗ ನೋಡಿಕೊಂಡರಾಯಿತು. ಬಟ್ಟೆ ಅಂಗಡಿಗೆ ಇನ್ನು ಹೋಗುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ. ಸಂಘಕ್ಕೆ ಹೋಗುತ್ತೇನೆ, ವಾರಕ್ಕೊಮ್ಮೆ. ಮುಂದಿನ ಕರಪತ್ರ ಬಸ್ಸುಗಳ ಬಗ್ಗೆ. ಎರಡೂ ನಗರದ ಬಸ್ಸುಗಳು ಈ ಬೀದಿಯ ಎರಡು ತುದಿಯಲ್ಲಿ ಬೆನ್ನು ತಿರುಗಿಸಿ ನಿಲ್ಲುತ್ತವೆ. ಯಾಕೆ ಎಂದು ಯಾರೂ ಕೇಳಿಲ್ಲ.

ಇನ್ನೂ ಬರೆಯುವುದಿತ್ತು. ಆಚೆಯಿಂದ ಅಮ್ಮ ಕೂಗುತ್ತಿದ್ದಾಳೆ, ಹಂಡೆ ಕುದಿಯುತ್ತಿದೆಯಂತೆ.